ನನ್ನ ದನಿಗೆ ಸಿಕ್ಕ ರೇಟಿಂಗು

ರೇಡಿಯೋದಲ್ಲಿ ಮಾತಾಡುವುದೆಂದರೆ ಕತ್ತಲೆ ಕೋಣೆಯಲ್ಲಿ ಬಡಿಸಿದ ಹಾಗೆ. ಉಂಡವರು ಯಾರು, ಎಲೆ ಬಿಟ್ಟು ಎದ್ದವರು ಯಾರು ಒಂದೂ ಕಾಣುವುದಿಲ್ಲ. ಕಂಡುಹಿಡಿಯಲು ಹೊರಟಾಗಲೆಲ್ಲ ನಮ್ಮ ಶಿರಸಿಯ ಸ್ಟೇಷನ್ನಿನಲ್ಲಿ ಏನಾದರೊಂದು ಫಜೀತಿ ಆಗಿಯೇ ಆಗುತ್ತದೆ.

ಬೆಳಗಿನ ಹೊತ್ತು ಹಳೆಯ ಹಾಡು ಹಾಕಿ, ನಡುನಡುವೆ ಊರ ಸುದ್ದಿ ಹೇಳುವುದು ನನ್ನ ಕೆಲಸ. ಮಾಲೀಕರು ಬೆಂಗಳೂರಿನಿಂದ ಒಬ್ಬ ಸಲಹೆಗಾರರನ್ನು ಕರೆಸಿದರು. ಅವರು ಬಂದವರೇ, “ಸ್ಟೇಷನ್ನಿಗೆ ಒಂದು ಫಾರ್ಮ್ಯಾಟ್ ಬೇಕು. ರೇಟಿಂಗ್ ಇಲ್ಲದ ಕಾರ್ಯಕ್ರಮ ನಿಲ್ಲಿಸಬೇಕು” ಎಂದರು. ಹೇಳುವಾಗ ನನ್ನ ಕಡೆಗೇ ನೋಡಿದರು. ಈ ಕೆಲಸ ಹೋದರೆ ನನಗೆ ಬೇರೇನೂ ಬಾರದು. ಮನೆಯಲ್ಲಂತೂ ಇಷ್ಟು ಹೊತ್ತು ಮಾತಾಡಲು ಯಾರೂ ಬಿಡುವುದಿಲ್ಲ.

೧. ದೇವರ ಉಪವಾಸ

“ಮೇಡಂ, ಬೆಳಗ್ಗೆ ಜನಕ್ಕೆ ಸ್ಪೀಡ್ ಬೇಕು” ಎಂದು ಸಲಹೆಗಾರರು ನನ್ನ ಹಳೆಯ ಹಾಡು ತೆಗೆಸಿ ಕುಣಿತದ ಹಾಡು ಹಾಕಿಸಿದರು. ಸ್ವಲ್ಪ ಹೊತ್ತಿಗೇ ಮನ್ಮನೆ ಊರಿನಿಂದ ಒಬ್ಬರ ಫೋನು ಬಂತು. ಬೈಗುಳಕ್ಕೆ ತಯಾರಾಗಿಯೇ ಎತ್ತಿದೆ.

“ತಂಗಿ, ಎಂತ ಹಾಡು ಹಾಕಿದ್ದೆ ಇವತ್ತು! ಅಪ್ಪಯ್ಯ ಪೂಜೆಗೆ ಕೂತಿದ್ದ. ಹಾಡಿನ ತಾಳಕ್ಕೆ ಮಂತ್ರವೂ ಓಡ್ತು, ಘಂಟೆಯೂ ಓಡ್ತು. ಪೂಜೆ ಬೇಗ ಮುಗ್ದು ತಿಂಡಿಯೂ ಬೇಗ ಸಿಕ್ತು. ಬಿಸಿ ದೋಸೆ ತಿನ್ನದೆ ಎಷ್ಟು ಕಾಲ ಆಗಿತ್ತು! ದಿನಾ ಇದನ್ನೇ ಹಾಕು ಮಾರಾಯ್ತಿ.”

ಸಲಹೆಗಾರರು ಹಿಗ್ಗಿದರು. “ನೋಡಿದ್ರಾ? ಫಾರ್ಮ್ಯಾಟ್ ಅಂದ್ರೆ ಇದು!”

ಮರುದಿನ ಆ ಅಪ್ಪಯ್ಯನೇ ಫೋನು ಮಾಡಿದರು. “ನಿಂಗಳ ಹಾಡಿನ ಗಡಿಬಿಡಿಲಿ ನೈವೇದ್ಯ ಮಾಡೂದೇ ಮರ್ತು ಹೋತು. ದೇವರ ಉಪವಾಸ ನಿಂಗಳ ತಲೆ ಮೇಲೆ, ತಿಳ್ಕಳಿ.”

ಹಳೆಯ ಹಾಡು ವಾಪಸು ಬಂತು. ಸಲಹೆಗಾರರು ಮಾತ್ರ ದೇವರು ಉಪವಾಸ ಬಿದ್ದ ತಪ್ಪನ್ನೂ ನನ್ನ ಲೆಕ್ಕಕ್ಕೇ ಹಾಕಿದರು.

೨. ಹತ್ತಕ್ಕೆ ಹತ್ತು

ಆಮೇಲೆ ಮನೆಮನೆ ಸಮೀಕ್ಷೆ. ಯಾವ ಸ್ಟೇಷನ್ನಿಗೆ ಹತ್ತರಲ್ಲಿ ಎಷ್ಟು ಅಂಕ ಎಂದು ಕೇಳುವುದು. ನಾವು ಯಾವ ಸ್ಟೇಷನ್ನಿನವರು ಎಂದು ಮಾತ್ರ ಹೇಳುವ ಹಾಗಿಲ್ಲ. ದಾರಿ ತೋರಿಸಲು ನಾನೂ ಸಲಹೆಗಾರರ ಜೊತೆ ಹೇರೂರಿಗೆ ಹೋದೆ. ಅಂಕ ಕೇಳುವವರು ಅವರು, ನನ್ನ ಬಾಯಿಗೆ ಬೀಗ.

ಮೊದಲ ಮನೆಯ ಯಜಮಾನರು, “ಅದೆಲ್ಲ ಆಮೇಲೆ. ಮೊದ್ಲು ಆಸರಿಗೆ ಎಂತ ಬೇಕು ಹೇಳಿ” ಎಂದರು. ನಮ್ಮಲ್ಲಿ ಬಂದವರಿಗೆ ಕುಡಿಯಲು ಕೊಡದೆ ಯಾವ ಮಾತೂ ಮುಂದೆ ಹೋಗುವುದಿಲ್ಲ. ಕೋಕಂ ಪಾನಕ ಕುಡಿದ ಮೇಲೆ ಅಂಕ ಕೇಳಿದರೆ, ಎಲ್ಲ ಸ್ಟೇಷನ್ನಿಗೂ ಹತ್ತಕ್ಕೆ ಹತ್ತು.

ಎರಡನೇ ಮನೆಯಲ್ಲೂ ಅಷ್ಟೇ. ಮೂರನೆಯದರಲ್ಲಿ ಸಲಹೆಗಾರರು ತಾಳ್ಮೆಗೆಟ್ಟು, ಆ ಕಡೆ ಸಿಗ್ನಲ್ಲೇ ಬಾರದ ಒಂದು ಸ್ಟೇಷನ್ನಿನ ಹೆಸರು ಹೇಳಿದರು.

“ಅದಕ್ಕೂ ಹತ್ತು ಬರ್ಕಳಿ” ಎಂದರು ಆ ಮನೆಯ ಅಮ್ಮ.

“ಅಮ್ಮಾ, ಅದು ನಿಮ್ಮೂರಲ್ಲಿ ಕೇಳ್ಸೋದೇ ಇಲ್ಲ!”

“ಕೇಳ್ತಿಲ್ಲೆ, ಖರೆ. ಹಂಗೇಳಿ ಕಡ್ಮೆ ಕೊಟ್ರೆ ಅವ್ಕೆ ಬೇಜಾರಾಗ್ತಿಲ್ಯ?”

ಸಲಹೆಗಾರರು ಪೆನ್ನು ಜೇಬಿಗೆ ಹಾಕಿದರು. ಅಮ್ಮ ಇನ್ನೊಂದು ಲೋಟ ಪಾನಕ ತಂದಿಟ್ಟರು.

೩. ನಿಷ್ಠಾವಂತ ಕೇಳುಗ

ಮನುಷ್ಯರನ್ನು ನಂಬಿ ಪ್ರಯೋಜನವಿಲ್ಲ ಎಂದು ಸಲಹೆಗಾರರು ಒಂದಷ್ಟು ಮನೆಗಳ ರೇಡಿಯೋಕ್ಕೆ ಪುಟ್ಟ ಯಂತ್ರ ಕೂಡಿಸಿದರು. ಯಾವ ಹೊತ್ತಿಗೆ ಯಾವ ಸ್ಟೇಷನ್ನು, ದನಿ ಎಷ್ಟು ದೊಡ್ಡದು, ಎಲ್ಲ ಅದೇ ಹೇಳುತ್ತದೆ. ಇದರಲ್ಲೂ ಸೋತರೆ ನನ್ನ ಕಾರ್ಯಕ್ರಮ ಮುಗಿದಂತೆ ಎಂದು ಮಾಲೀಕರೂ ಹೇಳಿಬಿಟ್ಟರು. ಕಂಡ ದೇವರಿಗೆಲ್ಲ ಕೈಮುಗಿದೆ.

ಫಲಿತಾಂಶ ನೋಡಿದರೆ, ಯಲ್ಲಾಪುರದ ಹಾದಿಯ ಒಂದು ಮನೆಯಲ್ಲಿ ನನ್ನ ಕಾರ್ಯಕ್ರಮ ಒಂದು ದಿನವೂ ತಪ್ಪಿಲ್ಲ. ಅದೂ ಪೂರ್ತಿ ದನಿಯಲ್ಲಿ! ನನಗೆ ಕಣ್ಣು ತುಂಬಿ ಬಂತು. ಇಂಥ ಕೇಳುಗರನ್ನು ಕಂಡೇ ಬರೋಣವೆಂದು ಸಲಹೆಗಾರರ ಜೊತೆ ಹೊರಟೆ.

ಮನೆಗೆ ಬೀಗ ಹಾಕಿತ್ತು. ನಮ್ಮ ಸ್ಟೇಷನ್ನು ಮಾತ್ರ ಎಲ್ಲಿಂದಲೋ ಒದರುತ್ತಿತ್ತು. ದನಿ ಹಿಡಿದು ಹಿತ್ತಿಲಿಗೆ ಹೋದರೆ, ಬಾಳೆಗಿಡಗಳ ನಡುವೆ ಒಂದು ಗೂಟಕ್ಕೆ ರೇಡಿಯೋ ಕಟ್ಟಿದೆ. ಅಷ್ಟರಲ್ಲಿ ಮನೆಯ ಯಜಮಾನರು ಗದ್ದೆಯಿಂದ ಬಂದರು.

“ಇಲ್ಲಿ ಯಾರು ಕೇಳ್ತಾರೆ?” ಎಂದರು ಸಲಹೆಗಾರರು.

“ನಾವ್ಯಾರೂ ಕೇಳೂದಿಲ್ಲ ಸ್ವಾಮಿ. ಮಂಗ ಕೇಳ್ತಾವೆ. ಹಾಡು ಬಂದ್ರೆ ಅವು ಹೆದರೂದಿಲ್ಲ, ಅಲ್ಲೇ ಕೂತು ಹೇನು ಹೆಕ್ತಾವೆ. ಒಬ್ಬ ಹೆಂಗಸು ಮಾತಾಡ್ತದೆ ನೋಡಿ, ಅದು ಬಾಯಿ ತೆಗೀತು ಅಂದ್ರೆ ಒಂದೂ ನಿಲ್ಲೂದಿಲ್ಲ.”

ಸಲಹೆಗಾರರು ನನ್ನ ಪರಿಚಯ ಮಾಡಿಸಿದರು. ಯಜಮಾನರು ನಾಚಿಕೊಳ್ಳಬಹುದು ಅಂದುಕೊಂಡೆ. ಅವರು ಭಕ್ತಿಯಿಂದ ಕೈಮುಗಿದರು.

ಸುದ್ದಿ ಕೇಳಿ ಮಾಲೀಕರು, “ಓಡಿದ್ದು ಮಂಗ ಆದರೇನು, ರೇಡಿಯೋ ಹಚ್ಚಿದವ ಮನುಷ್ಯನೇ ಅಲ್ಲವೇ?” ಎಂದು ನನ್ನ ಕಾರ್ಯಕ್ರಮವನ್ನು ಉಳಿಸಿದ್ದಷ್ಟೇ ಅಲ್ಲ, ಒಂದು ತಾಸು ಹೆಚ್ಚಿಸಿದರು. ಹಾಡು ಕಡಿಮೆ, ಮಾತು ಜಾಸ್ತಿ. ಅವಮಾನವೋ ಬಡ್ತಿಯೋ ತಿಳಿಯದೆ ಒಪ್ಪಿಕೊಂಡೆ.

ಮೊನ್ನೆ ಜ್ವರ ಬಂದು ಒಂದು ದಿನ ರಜೆ ಹಾಕಿದೆ. ಸಂಜೆ ಫೋನು ಬಂತು. ನನ್ನ ಆರೋಗ್ಯ ವಿಚಾರಿಸಲು ಒಬ್ಬ ಕೇಳುಗನಾದರೂ ಇದ್ದಾನಲ್ಲ ಎಂದು ಖುಷಿಯಿಂದ ಎತ್ತಿದೆ.

“ತಂಗೀ, ಹುಷಾರಿಲ್ಲ ಅಂದ್ರೆ ಮನೇಲೇ ಮಲ್ಕಂಡು ಸ್ವಲ್ಪ ನರಳೂದಾದ್ರೂ ನರಳಿ, ಅದನ್ನೇ ಸ್ಟೇಷನ್ನಿನವ್ರು ರೇಡಿಯೋದಲ್ಲಿ ಬಿಡ್ಲಿ” ಎಂದರು ಬಾಳೆಯ ಯಜಮಾನರು. “ಇವತ್ತು ಒಂದೇ ದಿನಕ್ಕೆ ಇದ್ದ ಗೊನೆ ಎಲ್ಲ ಹೋಯ್ತು!”