ಸ್ವಂತ ಜಟೆಯ ಈಶ್ವರ

ತಲೆ ಎಲ್ಲರಿಗೂ ಇರುತ್ತದೆ. ಆದರೆ ಕೂದಲಿನ ಜತೆಗೆ ಪ್ರಸಂಗಗಳೂ ಬೆಳೆಯುವ ತಲೆ ಇಡೀ ಕಡೂರು ಸೀಮೆಯಲ್ಲಿ ನನ್ನದೊಂದೇ.

೧. ಶಪಥ

ನಮ್ಮೂರ ಪೌರಾಣಿಕ ನಾಟಕದಲ್ಲಿ ಈಶ್ವರನ ಪಾತ್ರ ಯಾವತ್ತೂ ನನ್ನದೇ. ಒಂದು ಸಲ ತಾಂಡವದ ಮೂರನೇ ಸುತ್ತಿಗೆ ಬಾಡಿಗೆಯ ಜಟೆ ಹಾರಿ, ಮುಂದೆ ಕೂತಿದ್ದ ಅಜ್ಜಿಯ ಮಡಿಲಿಗೆ ಬಿತ್ತು. "ಥೂ, ಹಾಳು ಬೆಕ್ಕು!" ಅಂತ ಅಜ್ಜಿ ಕೊಡವಿ ಎಸೆದಳು. ಅವತ್ತೇ ಶಪಥ ಮಾಡಿದೆ, ಇನ್ನು ಸ್ವಂತ ಜಟೆ!

ಹಾರ್ಮೋನಿಯಂ ಮೇಷ್ಟ್ರು ಕರಾರು ಹಾಕಿದರು. "ಬೆಳೆಸಿ ಸ್ವಾಮಿ. ಆದ್ರೆ ಬುಡ ಸಡ್ಲಾಗಿ ಒಂದೆಳೆ ಕಿತ್ತು ಬಂದ್ರೂ ಪಾತ್ರ ನಿಮ್ಮ ಬಾಮೈದನಿಗೆ."

ವೀರಭದ್ರನ ಪಾತ್ರ ಮಾಡುವ ನನ್ನ ಬಾಮೈದ ಅವತ್ತಿನಿಂದ ನನ್ನ ಮುಖ ನೋಡಿ ಮಾತಾಡಿದ್ದೇ ಇಲ್ಲ. ನೆತ್ತಿ ನೋಡಿಯೇ ಮಾತು.

೨. ತರೀಕೆರೆ ಬಸ್ ಸ್ಟ್ಯಾಂಡು

ಮೂರು ವರ್ಷ ಆ ಜಟೆಯನ್ನು ಸಾಕಿದೆ. ಅಂಟುವಾಳದ ನೊರೆಯಲ್ಲಿ ತೊಳೆಯುವುದು, ಬುಡಬುಡಕ್ಕೂ ಲೋಳೆಸರ ತಿಕ್ಕುವುದು, ಪೂರ್ತಿ ಒಣಗುವವರೆಗೆ ಬಿಸಿಲಲ್ಲಿ ಕೂರುವುದು. ಎಣ್ಣೆ ಜಿಡ್ಡಿಲ್ಲ, ಬಿಗಿಯಾಗಿ ಕಟ್ಟುವುದಿಲ್ಲ, ದಿನಾ ತಿರುಚುವುದಿಲ್ಲ. "ಮದ್ವೆಯಾಗಿ ಮೂವತ್ತು ವರ್ಷ ಆಯ್ತು ಕಣ್ರೀ, ನನ್ನ ಒಂದಿನ ಹಿಂಗೆ ನೋಡ್ಕೊಂಡಿದ್ರಾ?" ಅಂದಳು ಹೆಂಡತಿ.

ಒಂದಿನ ತರೀಕೆರೆ ಬಸ್ ಸ್ಟ್ಯಾಂಡಿನಲ್ಲಿ ಹೆಂಗಸೊಬ್ಬಳು ದಬಕ್ಕನೆ ಕಾಲಿಗೆ ಬಿದ್ದಳು. ಗತ್ತಿನಿಂದ ಕೈಯೆತ್ತಿ, "ಏನು ಬೇಕು, ಕೇಳು ತಾಯಿ" ಅಂದೆ. ಮೋಕ್ಷ ಕೇಳುತ್ತಾಳೆ ಅಂದುಕೊಂಡಿದ್ದೆ.

"ಸ್ವಾಮೇರ, ತಲೆಗೆ ಏನು ಹಾಕ್ತೀರ? ನನ್ನ ಮಗಳಿಗೆ ಒಂದೇ ಸಮ ಉದುರ್ತೈತೆ."

ಲೋಳೆಸರ ಅಂದೆ. ಪಕ್ಕದಲ್ಲಿದ್ದ ಕಂಡಕ್ಟರು ಟೋಪಿ ತೆಗೆದು ಬೋಳುತಲೆ ಬಗ್ಗಿಸಿದ. "ಇದ್ಕೆ ಏನು ಹಾಕ್ಲಿ ಸ್ವಾಮೇರ?"

"ಇದಕ್ಕೆ ಮೋಕ್ಷ ಒಂದೇ ಗತಿಯಪ್ಪ" ಅಂದೆ.

೩. ಎಮ್ಮೆದೊಡ್ಡಿಯ ಪರೀಕ್ಷೆ

ನನ್ನ ತಂಗಿಯ ಮನೆ ದನ ಮೇಯುವ ಎಮ್ಮೆದೊಡ್ಡಿ ಕಾವಲಿನ ಅಂಚಿನಲ್ಲಿದೆ. ಅಲ್ಲಿಗೆ ಹೋದಾಗ ದಾಸವಾಳದ ಸೊಪ್ಪು ಅರೆದು ಬುಡಕ್ಕೆ ಮೆತ್ತಿಕೊಂಡು, ಹುಲ್ಲಿನ ಮೇಲೆ ಬಿಸಿಲಿಗೆ ಮಲಗಿದ್ದೆ. ಸೊಪ್ಪಿನ ವಾಸನೆಗೆ ಬಂದ ಅಮೃತಮಹಲ್ ಕರುವೊಂದು ಜಟೆಯನ್ನೇ ಬಾಯಿಗೆ ಹಾಕಿಕೊಂಡಿತು. ಆ ತಳಿಯ ಹಟ ಗೊತ್ತಲ್ಲ? ಅದು ಎಳೆಯಿತು. ನಾನೂ ಎದ್ದು ಮನೆ ಕಡೆಗೆ ಎಳೆದೆ.

ತಂಗಿ ಓಡಿ ಬಂದಳು. "ಅಯ್ಯೋ ಅಣ್ಣಾ, ಬುಡ ಕಿತ್ತು ಬಂತಾ?"

"ಬುಡ ಬರ್ಲಿಲ್ಲ ಕಣೇ. ಕರುವೇ ಬಂತು, ಕಟ್ಟಾಕು."

೪. ಅಜ್ಜಂಪುರದ ನಾಟಕ

ಅಜ್ಜಂಪುರದಲ್ಲಿ ಮಧ್ಯಾಹ್ನದ ಆಟ, ದಕ್ಷಯಜ್ಞದ ಕಥೆ. ಹೆಂಡತಿ ತವರಿನ ಯಜ್ಞದಲ್ಲಿ ಪ್ರಾಣ ಬಿಟ್ಟಳೆಂದು ಕೇಳಿದ ಈಶ್ವರ ತನ್ನದೊಂದು ಜಟೆ ಕಿತ್ತು ನೆಲಕ್ಕೆ ಅಪ್ಪಳಿಸಬೇಕು. ಅದರಿಂದ ವೀರಭದ್ರ ಹುಟ್ಟಿ ಬಂದು ಮಾವ ದಕ್ಷನ ತಲೆ ತೆಗೆಯಬೇಕು. ಬಾಡಿಗೆ ಜಟೆಯಲ್ಲಾದರೆ ಒಂದೆಳೆಯನ್ನು ಸಡಿಲವಾಗಿ ಸಿಕ್ಕಿಸಿರುತ್ತಿದ್ದರು. ತಾಲೀಮಿನಲ್ಲಿ ಬರೀ ಕೈಸನ್ನೆ. ಸ್ವಂತ ಜಟೆಯ ಜಂಬದಲ್ಲಿ ಈ ವಿಷಯ ನನಗೂ ಮರೆತಿತ್ತು, ಮೇಷ್ಟ್ರಿಗೂ ಮರೆತಿತ್ತು.

ಆರ್ಭಟಿಸಿ ಎಳೆದೆ. ಬರಲಿಲ್ಲ. ಎರಡೂ ಕೈ ಹಾಕಿದೆ. ಕಣ್ಣಲ್ಲಿ ನೀರು ಬಂತು, ಜಟೆ ಬರಲಿಲ್ಲ. ಮೇಷ್ಟ್ರು ಅದೇ ಸಾಲನ್ನು ಏಳನೇ ಸಲ ಬಾರಿಸುತ್ತಿದ್ದರು. ಪರದೆಯ ಹಿಂದಿನಿಂದ ಬಾಮೈದ, "ಭಾವಾ, ಬೇಗ ಹುಟ್ಸಿ! ಬೆವರಿಗೆ ಮೀಸೆ ಬಿಚ್ಕೊಳ್ತೈತೆ!" ಅಂದ.

ಕೊನೆಗೆ ತಾಳಲಾರದೆ ಅವನೇ ರಂಗಕ್ಕೆ ನುಗ್ಗಿ ಜಟೆಗೆ ಜೋತುಬಿದ್ದ. ಒಂದೆಳೆ ಬಂದರೆ ಪಾತ್ರ ಅವನದಲ್ಲವೇ? ಆಗ ಕರಾರು ನೆನಪಾಗಿ ನಾನು ಬುಡ ಹಿಡಿದುಕೊಂಡೆ, ಅವನು ತುದಿ ಜಗ್ಗಿದ.

"ಇನ್ನೂ ಹುಟ್ಟೇ ಇಲ್ಲ, ಆಗ್ಲೇ ಅಪ್ಪನ ಜುಟ್ಟು ಹಿಡಿದವ್ನಲ್ಲೋ!" ಅಂತ ಜನ ಕೂಗಿದರು.

ಎಳೆ ಬರಲಿಲ್ಲ. ಪಾತ್ರ ನನ್ನಲ್ಲೇ ಉಳಿಯಿತು. ಆದರೆ ಕಥೆ ನಿಂತುಹೋಯಿತು. ಆಗ ಮೂಲೆಯ ಸಿಂಹಾಸನದಲ್ಲಿ ಕಾದು ಕಾದು ಸಾಕಾದ ದಕ್ಷ ಎದ್ದು ಬಂದು, ಕಿರೀಟ ತೆಗೆದಿಟ್ಟು, ನಮ್ಮಿಬ್ಬರ ಮುಂದೆ ಕತ್ತು ಬಗ್ಗಿಸಿದ.

"ನೀವಿಬ್ರೂ ಆಮೇಲೆ ಜಗಳ ಆಡ್ಕೊಳ್ರಪ್ಪಾ. ಮೊದ್ಲು ನನ್ನ ತಲೆ ತೆಗೀರಿ, ಬಸ್ಸು ಹೊರಡ್ತೈತೆ!"