ಓನರಮ್ಮನ ಮನೆ ಅಗಲವಾದದ್ದು

ಫೋಟೋದಲ್ಲಿ ಹಿಂದಿನ ಗೋಡೆ ಮಸುಕಾಗಿ ಕಾಣಬೇಕು ಎಂಬ ಆಸೆ ಫ್ಲ್ಯಾಶಣ್ಣನ ತಲೆಗೆ ಹೊಕ್ಕಿದ್ದೇ ಈ ಎಲ್ಲ ರಗಳೆಗೆ ಮೂಲ. ಗೋಡೆ ಮಸುಕಾದರೆ ಯಾರಿಗೆ ಏನು ಲಾಭ ಎಂದು ಹೆಂಡತಿ ಕೇಳಿದ್ದಳು. ಹೆಂಡತಿಯ ಮಾತು ಕೇಳುವ ಗಂಡಸಾಗಿದ್ದರೆ ಅವನು ಫೋಟೋ ಸ್ಟುಡಿಯೋ ಇಡುತ್ತಲೇ ಇರಲಿಲ್ಲ. ತನ್ನ ಪುಟ್ಟ ಮಿರರ್‌ಲೆಸ್ ಕ್ಯಾಮೆರಾದ ಜೊತೆಗೆ ಬಂದಿದ್ದ ಜೂಮ್ ಲೆನ್ಸನ್ನು ಅಂಗಡಿಗೆ ಕೊಟ್ಟ, ಮೇಲೆ ಒಂದಿಷ್ಟು ದುಡ್ಡು ಸುರಿದ, ಐವತ್ತು ಎಂಎಂ ಲೆನ್ಸೊಂದನ್ನು ತಂದ. ತಂದವನೇ ಹೆಂಡತಿಯ ಮುಖದ ಮೇಲೆ ಪ್ರಯೋಗ ಮಾಡಿದ. ಮೂಗು ಕನ್ನಡಿಯಂತೆ ಸ್ಪಷ್ಟ, ಕಿವಿ ಮಂಜು.

"ನೋಡು, ಬೆಣ್ಣೆ ಕರಗಿದ ಹಾಗೆ ಕರಗಿದೆ" ಎಂದ.

"ಕರಗಿದ್ದು ನನ್ನ ಕಿವಿ" ಎಂದು ಅವಳು ಚೀಲ ಎತ್ತಿಕೊಂಡು ಆಸ್ಪತ್ರೆಯ ಡ್ಯೂಟಿಗೆ ಹೋದಳು.

ಅವಳು ಬೀದಿಯ ತಿರುವು ದಾಟಿದ್ದಳೋ ಇಲ್ಲವೋ, ಸ್ಟುಡಿಯೋದ ಷಟರ್ ಮೇಲೆ ಬೀಗದ ಕೈ ಗೊಂಚಲು ಬಡಿದ ಸದ್ದಾಯಿತು. ಹಾಗೆ ಬಡಿಯುವವರು ಓನರಮ್ಮ ಒಬ್ಬರೇ. ಕೆಳಗಿನ ಮನೆಯ ಹಿಂಭಾಗದಲ್ಲಿ ಅವರ ವಾಸ. ಮುಂಭಾಗದ ಒಂದು ರೂಮು ಫ್ಲ್ಯಾಶಣ್ಣನ ಸ್ಟುಡಿಯೋ. ಮೇಲಿನ ಮನೆ ಬಹಳ ದಿನದಿಂದ ಖಾಲಿ ಬಿದ್ದಿತ್ತು.

"ಏನಪ್ಪಾ ಫ್ಲ್ಯಾಶು, ಮೇಲಿನ ಮನೆದು ಒಂದು ವಿಡಿಯೋ ಮಾಡು. ಈಗೆಲ್ಲ ಫೋನಿನಲ್ಲೇ ಮನೆ ನೋಡ್ತಾರಂತೆ. ಇವತ್ತು ಸಂಜೆಯೊಳಗೆ ಅದಕ್ಕೆ ಬಾಡಿಗೆಗೆ ಜನ ಬರಬೇಕು."

"ಸಂಜೆಯೊಳಗಾ? ಅಷ್ಟು ಅರ್ಜೆಂಟ್ ಯಾಕಮ್ಮ?"

"ಯಾಕೆ ಅನ್ನೋದು ನನಗೆ ಗೊತ್ತು. ಜನ ಬಂದ್ರೆ ಈ ರೂಮು ನಿನಗೇ. ಬರಲಿಲ್ಲ ಅಂದ್ರೆ ಇದನ್ನೂ ಮೇಲಿನ ಮನೆಗೆ ಸೇರಿಸಿ ಕೊಟ್ಟುಬಿಡ್ತೀನಿ. ಬರೀ ಆ ಗೂಡೊಂದನ್ನೇ ನೋಡಿ ಯಾರು ಬರ್ತಾರೆ."

ಈ ರೂಮು ಹೋದರೆ ಸ್ಟುಡಿಯೋ ಹೋಯಿತು. ಸ್ಟುಡಿಯೋ ಹೋದರೆ ಉಳಿಯುವುದು ಆಸ್ಪತ್ರೆಯ ಬಾಗಿಲಲ್ಲಿ ಟೋಕನ್ ಹರಿದು ಕೊಡುವ ಕೆಲಸ. ಅದು ಖಾಲಿ ಇದೆ ಎಂದು ಹೆಂಡತಿ ತಿಂಗಳಿಂದ ಹೇಳುತ್ತಿದ್ದಳು. ಕ್ಯಾಮೆರಾ ಕೊರಳಿಗೆ ಹಾಕಿಕೊಂಡು, ಟ್ರೈಪಾಡು ಬಗಲಲ್ಲಿ ಇರುಕಿಕೊಂಡು ಮೆಟ್ಟಿಲು ಹತ್ತಿದ.

ಮೇಲಿನ ಮನೆ ಎಂದರೆ ಒಂದು ಹಾಲು, ಒಬ್ಬರು ನಿಂತರೆ ಇನ್ನೊಬ್ಬರು ಹೊರಗೆ ಬರಬೇಕಾದ ಅಡುಗೆಮನೆ, ಒಂದು ಬಚ್ಚಲು. ಹಾಲಿನ ಈ ಗೋಡೆಗೆ ಒರಗಿದವನು ಸೀನಿದರೆ ಆ ಗೋಡೆಗೆ ಒರಗಿದವನು ಮುಖ ಒರೆಸಿಕೊಳ್ಳಬೇಕು, ಅಷ್ಟು ಅಗಲ. ಫ್ಲ್ಯಾಶಣ್ಣ ಮೂಲೆಗೆ ಬೆನ್ನು ಹಚ್ಚಿ ನೋಡಿದ. ಪರದೆಯಲ್ಲಿ ಒಂದು ಸ್ವಿಚ್ ಬೋರ್ಡು ಬಂತು. ಬಹಳ ಚೆನ್ನಾಗಿ ಬಂತು, ಅದರ ಸ್ಕ್ರೂ ತಲೆಯ ತುಕ್ಕೂ ಕಾಣುತ್ತಿತ್ತು. ಆದರೆ ಸ್ವಿಚ್ ಬೋರ್ಡನ್ನು ಬಾಡಿಗೆಗೆ ಹಿಡಿಯುವವರು ಯಾರು?

ಒಂದು ಹೆಜ್ಜೆ ಹಿಂದೆ ಸರಿದ. ಗೋಡೆ ಅಡ್ಡ ಬಂತು. ಬಾಗಿಲ ಹೊರಗೆ ನಿಂತ. ಸ್ವಿಚ್ ಬೋರ್ಡಿನ ಜೊತೆಗೆ ಅರ್ಧ ಕಿಟಕಿ ಬಂತು. ಆಸೆ ಹುಟ್ಟಿ ಇನ್ನೂ ಹಿಂದೆ ಸರಿದ. ಹಿಂದೆ ಇದ್ದದ್ದು ಮೆಟ್ಟಿಲು.

ಮೆಟ್ಟಿಲು ಹತ್ತಿ ಬರುತ್ತಿದ್ದ ಡ್ರಾಯಿಂಗ್ ಮೇಷ್ಟ್ರು ಇಲ್ಲದಿದ್ದರೆ ಅವನು ಬೀದಿಗೇ ಉರುಳುತ್ತಿದ್ದ. ಮೇಷ್ಟ್ರು ಪಕ್ಕದ ಮನೆಯವರು, ರಿಟೈರಾದವರು, ಯಾರ ಮನೆಯಲ್ಲಿ ಕೆಲಸ ನಡೆದರೂ ಕರೆಯದೆ ಬರುವವರು. ಇಬ್ಬರೂ ಅಪ್ಪಿಕೊಂಡೇ ನಾಲ್ಕಾರು ಮೆಟ್ಟಿಲು ಜಾರಿ ನಿಂತರು.

"ನಾನು ಹಿಡಿದೆ, ಇಲ್ಲ ಅಂದ್ರೆ ನಿನ್ನ ಫೋಟೋಕ್ಕೇ ಹಾರ ಹಾಕಬೇಕಾಗಿತ್ತು" ಎಂದರು ಮೇಷ್ಟ್ರು. "ಯಾವ ಲೆನ್ಸು?"

"ಐವತ್ತು, ಮೇಷ್ಟ್ರೇ."

"ಸರಿಯಾಗೇ ಇದೆಯಲ್ಲ. ಐವತ್ತು ಅಂದ್ರೆ ಮನುಷ್ಯನ ಕಣ್ಣು ಇದ್ದ ಹಾಗೆ. ಪುಸ್ತಕದಲ್ಲೇ ಬರೆದಿದೆ. ದೂರ ಸಾಲದು ಅಷ್ಟೆ. ಎದುರಿನ ಟೈಲರ್ ಅಂಗಡಿಯ ಮಹಡಿಯಿಂದ ತೆಗಿ."

ಸಲಹೆ ಕೊಡುವವನ ಬಾಯಿಗೆ ಬಾಡಿಗೆ ಇಲ್ಲ. ಕೇಳಿಸಿಕೊಂಡವನ ಕಾಲಿಗೆ ಮಾತ್ರ ಓಟ. ಫ್ಲ್ಯಾಶಣ್ಣ ಬೀದಿ ದಾಟಿ ಟೈಲರಿನ ಮಹಡಿ ಹತ್ತಿದ. ಅಲ್ಲಿಂದ ಮನೆ ಪೂರ್ತಿ ಬಂತು, ಹೊರಗಿನಿಂದ. ಕಿಟಕಿಯೊಳಗೆ ಬರೀ ಕತ್ತಲೆ, ಕತ್ತಲೆಯ ನಡುವೆ ಕೈ ಬೀಸುತ್ತ ನಿಂತ ಮೇಷ್ಟ್ರು.

"ಜೈಲಿನ ಸಿನಿಮಾ ತೆಗೀತಿದೀಯೇನಣ್ಣ?" ಎಂದು ಟೈಲರ್ ಕೇಳಿದ.

ಫ್ಲ್ಯಾಶಣ್ಣನಿಗೆ ನಗು ಬರಲಿಲ್ಲ. ಬಿಸಿಲು ಆಗಲೇ ಗೋಡೆಯ ಅರ್ಧಕ್ಕೆ ಇಳಿದಿತ್ತು. ಸೈಕಲ್ ಹತ್ತಿ ನೇರ ಲೆನ್ಸಿನ ಅಂಗಡಿಗೆ ಹೊಡೆದ.

ಅಂಗಡಿಯವನು ಗಾಜಿನ ಕಪಾಟಿನ ಹಿಂದೆ ಟೀ ಕುಡಿಯುತ್ತಿದ್ದ. ಮಾಲು ಮಾರುವ ತನಕ ಅಣ್ಣ ತಮ್ಮ ಎನ್ನುವ ಜಾತಿ, ಮಾರಿದ ಮೇಲೆ ಮುಖವೂ ನೆನಪಿರುವುದಿಲ್ಲ.

"ಮನುಷ್ಯನ ಕಣ್ಣಿನ ಹಾಗೆ ಕಾಣುತ್ತೆ ಅಂತಾರಲ್ಲ ಇದು. ಸ್ವಿಚ್ ಬೋರ್ಡ್ ಬಿಟ್ಟು ಬೇರೆ ಏನೂ ಕಾಣ್ತಿಲ್ಲ."

"ದೊಡ್ಡ ಕ್ಯಾಮೆರಾಕ್ಕೆ ಹಾಕಿದ್ರೆ ಕಾಣುತ್ತೆ. ನಿನ್ನದರೊಳಗೆ ಚಿತ್ರ ಹಿಡಿಯೋ ಸೆನ್ಸರು ಸಣ್ಣದು. ಲೆನ್ಸು ತಂದು ಹಾಕಿದ ಚಿತ್ರದಲ್ಲಿ ಮಧ್ಯದ ತುಂಡಷ್ಟೇ ಅದು ಹಿಡಿಯೋದು. ಐವತ್ತು ಹಾಕಿದ್ರೆ ಎಪ್ಪತ್ತೈದು ಹಾಕಿದ ಹಾಗೆ, ಅಂಕಿ ಏರಿದಷ್ಟೂ ನೋಟ ಕಿರಿದಾಗುತ್ತೆ. ವಿಡಿಯೋದಲ್ಲಿ ಅಲುಗಾಟ ತಡೆಯೋ ಬಟನ್ ಒತ್ತಿದ್ರೆ ಅಂಚು ಇನ್ನೂ ಒಂಚೂರು ಹೋಗುತ್ತೆ. ನೀನು ಬಾಗಿಲಿಂದ ಅಲ್ಲ, ಬೀಗದ ತೂತಿಂದ ಮನೆ ನೋಡ್ತಿದ್ದೀಯ."

"ಇದನ್ನ ಮಾರೋವಾಗ ಹೇಳೋಕೆ ಏನಾಗಿತ್ತು ನಿಮಗೆ?"

"ನೀನು ಕೇಳಿದ್ದು ಗೋಡೆ ಕರಗಬೇಕು ಅಂತ. ಕರಗಲಿಲ್ವಾ?"

ಅಂಗಡಿಯವನು ಮೊದಲು ಒಂದು ಹೊಸ ಲೆನ್ಸು ಇಳಿಸಿದ. ಅಗಲವೂ ಕಾಣುತ್ತೆ, ಫೋಕಸ್ಸೂ ತಾನೇ ಹಿಡಿಯುತ್ತೆ ಎಂದ. ಬೆಲೆ ಕೇಳಿದ ಫ್ಲ್ಯಾಶಣ್ಣ ಅದನ್ನು ಮಲಗಿದ ಮಗುವಿನಂತೆ ಮೆಲ್ಲಗೆ ಕೆಳಗಿಟ್ಟ. ಆಮೇಲೆ ರೀಲಿನ ಕಾಲದ ಇಪ್ಪತ್ತೆಂಟರ ಹಳೆಯ ಲೆನ್ಸೊಂದು ಬಂತು. ಅಗ್ಗವೇನೋ ಅಗ್ಗ, ಆದರೆ ಈ ಸಣ್ಣ ಕ್ಯಾಮೆರಾದಲ್ಲಿ ಅದೂ ನಲವತ್ತರ ಆಚೆಗೆ ಹೋಗುತ್ತಿತ್ತು. ಇನ್ನೊಂದರಲ್ಲಿ ನೋಡಿದರೆ ಅಂಗಡಿಯ ಬಾಗಿಲು ಬಾಳೆಹಣ್ಣಿನಂತೆ ಬಾಗಿ, ಅಂಗಡಿಯವನ ಮೂಗು ಬದನೆಕಾಯಿಯಾಗಿತ್ತು.

ಕೊನೆಗೆ ಧೂಳು ಒರೆಸಿ ಹನ್ನೆರಡು ಎಂಎಂನ ಒಂದು ಲೆನ್ಸು ತೆಗೆದ. "ಇದಕ್ಕೆ ಮೋಟರು ಗೀಟರು ಇಲ್ಲ. ಫೋಕಸ್ ಕೈಯಲ್ಲೇ ತಿರುಗಿಸಬೇಕು. ವಿಡಿಯೋಗೆ ಅದೇ ಒಳ್ಳೇದು, ಮಧ್ಯದಲ್ಲಿ ಅದು ಹುಡುಕಾಡ್ತಾ ಕೂರಲ್ಲ. ಸಣ್ಣ ರೂಮಿಗೆ ಇದಕ್ಕಿಂತ ಅಗ್ಗದ್ದು ಸಿಗಲ್ಲ."

ಹಚ್ಚಿ ನೋಡಿದ. ಇಡೀ ಅಂಗಡಿ, ಬೀದಿ, ಬೀದಿಯಾಚೆಯ ನಾಯಿ, ಎಲ್ಲ ಒಳಗೆ ಬಂತು. ಫ್ಲ್ಯಾಶಣ್ಣನಿಗೆ ಲೋಕ ತೆರೆದಂತಾಯಿತು. ಐವತ್ತರ ಲೆನ್ಸು ಕೊಟ್ಟ. ಸಾಲದು ಎಂದ ಅಂಗಡಿಯವನು. ಟ್ರೈಪಾಡು ಕೊಟ್ಟ. ಅಂಗಡಿಯವನು ಸೈಕಲ್ ಕಡೆಗೂ ಒಮ್ಮೆ ನೋಡಿದ. ಅಷ್ಟರಲ್ಲಿ ಫ್ಲ್ಯಾಶಣ್ಣ ಸೈಕಲ್ ಹತ್ತಿದ್ದ.

ಮನೆಗೆ ಬಂದು ನೋಡಿದರೆ ಮೇಲಿನ ಹಾಲಿನಲ್ಲಿ ಓನರಮ್ಮ, ಮೇಷ್ಟ್ರು, ಟೈಲರ್ ಮೂವರೂ ಹಾಜರಿದ್ದರು. ಟ್ರೈಪಾಡು ಮಾರಿ ಬಂದಿದ್ದು ಆಗ ನೆನಪಾಯಿತು. ಕೈಯಲ್ಲಿ ಹಿಡಿದು ನಡೆದರೆ ವಿಡಿಯೋ ಎತ್ತಿನ ಗಾಡಿಯಲ್ಲಿ ಕೂತು ತೆಗೆದಂತೆ ಕುಣಿಯಿತು.

"ನನ್ನ ಬೊಂಬೆ ತರ್ತೀನಿ ಇರಿ. ಅದರ ಕಾಲಿಗೆ ಚಕ್ರ ಇದೆ" ಎಂದು ಟೈಲರ್ ಓಡಿದ. ಕೋಟು ತೊಡಿಸುವ ತಲೆಯಿಲ್ಲದ ಬೊಂಬೆಯನ್ನು ಹೊತ್ತು ತಂದ. ಅದರ ಕತ್ತಿನ ಮೇಲೆ ಕ್ಯಾಮೆರಾ ಇಟ್ಟು ಅಳತೆಯ ಟೇಪಿನಿಂದ ಬಿಗಿದರು. ನೂಕಿದರೆ ಬೊಂಬೆ ನೀರಿನ ಮೇಲೆ ದೋಣಿ ಹೋದಂತೆ ಹೋಯಿತು.

ಈಗ ಹೊಸ ಫಜೀತಿ ಶುರುವಾಯಿತು. ಮೊದಲಿನ ಲೆನ್ಸಿನಲ್ಲಿ ಏನೂ ಬರುತ್ತಿರಲಿಲ್ಲ, ಈ ಲೆನ್ಸಿನಲ್ಲಿ ಬರದೆ ಇರುವುದೇ ಇಲ್ಲ. ಎಡಕ್ಕೆ ತಿರುಗಿಸಿದರೆ ಮೇಷ್ಟ್ರ ಹೊಟ್ಟೆ, ಬಲಕ್ಕೆ ತಿರುಗಿಸಿದರೆ ಟೈಲರಿನ ಮೊಣಕೈ.

"ದಯವಿಟ್ಟು ಎಲ್ಲರೂ ಹೊರಗೆ ಹೋಗಿ" ಎಂದ ಫ್ಲ್ಯಾಶಣ್ಣ.

"ನಾನು ಹೋದ್ರೆ ಬೆಳಕಿನ ಬಗ್ಗೆ ನಿನಗೆ ಹೇಳೋರ್ಯಾರು" ಎಂದು ಮೇಷ್ಟ್ರು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡರು. "ನನ್ನ ಬೊಂಬೆ ಬಿಟ್ಟು ನಾನು ಹೋಗಲ್ಲ" ಎಂದು ಟೈಲರ್ ಬೊಂಬೆಯ ಹಿಂದೆ ಅಂಗಾತ ಮಲಗಿ ಕಾಲಿನಿಂದ ನೂಕತೊಡಗಿದ. "ನನ್ನ ಮನೇಲಿ ನನಗೇ ಹೊರಗೆ ಹೋಗು ಅಂತೀಯಾ" ಎಂದು ಓನರಮ್ಮ ಗೋಡೆಯ ಕಪಾಟಿನೊಳಗೆ ಸೇರಿ ಬಾಗಿಲೆಳೆದುಕೊಂಡರು.

ಬೊಂಬೆ ಹೊರಟಿತು. ಬಾಗಿಲು, ಕಿಟಕಿ, ಬಿಸಿಲು ಬಿದ್ದ ನೆಲ, ಅಡುಗೆಮನೆ. ಪರದೆಯನ್ನು ನೋಡಿದ ಫ್ಲ್ಯಾಶಣ್ಣನಿಗೆ ತನ್ನ ಕಣ್ಣನ್ನೇ ನಂಬಲಾಗಲಿಲ್ಲ. ಆ ಗೋಡೆ ಅಲ್ಲೆಲ್ಲೋ ದೂರ ಹೋಗಿತ್ತು. ಹಾಲಿನಲ್ಲಿ ಮದುವೆ ಊಟಕ್ಕೆ ಎರಡು ಪಂಕ್ತಿ ಕೂರಿಸಬಹುದಿತ್ತು. ಕಪಾಟಿನ ಮುಂದೆ ಬೊಂಬೆ ಬಂದಾಗ ಕಪಾಟಿನ ಬಾಗಿಲು ತಾನಾಗಿ ತೆರೆಯಿತು. ಒಳಗೆ ಓನರಮ್ಮ ಬೀಗದ ಕೈ ಗೊಂಚಲು ಎದೆಗೆ ಒತ್ತಿಕೊಂಡು ನಿಂತಿದ್ದರು.

"ಇನ್ನೊಂದು ಸಲ ತೆಗೀಬೇಕು" ಎಂದ ಫ್ಲ್ಯಾಶಣ್ಣ.

ಬಚ್ಚಲಿನಿಂದ ಹೊರಬಂದ ಮೇಷ್ಟ್ರು ಕಿಟಕಿ ತೋರಿಸಿದರು. "ಬೆಳಕು ಹೋಗ್ತಿದೆ, ಇರಲಿ ಬಿಡು. ಕಪಾಟೊಳಗೆ ಇವರೇ ಹಿಡಿಸ್ತಾರೆ ಅಂದ್ರೆ ಸಾಮಾನು ಎಷ್ಟು ಹಿಡಿಯುತ್ತೆ ಅಂತ ಜನಕ್ಕೆ ತಿಳಿಯುತ್ತೆ."

ಓನರಮ್ಮ ಮೇಷ್ಟ್ರನ್ನು ಸುಡುವಂತೆ ನೋಡಿದರು. ಆದರೆ ಹೊತ್ತು ಅವರಿಗೂ ಇರಲಿಲ್ಲ. ಮೇಷ್ಟ್ರು ತಮ್ಮ ಫೋನಿಗೆ ವಿಡಿಯೋ ಹಾಕಿಸಿಕೊಂಡು, ತಮಗೆ ಗೊತ್ತಿದ್ದವರು, ಗೊತ್ತಿಲ್ಲದವರು, ಮರೆತವರು ಎಲ್ಲರಿಗೂ ಕಳಿಸಿದರು. 'ವಿಶಾಲವಾದ ಮನೆ, ಇಂದೇ ಬನ್ನಿ' ಎಂದು ಕೆಳಗೆ ಬರೆದರು.

ಮೆಟ್ಟಿಲ ಮೇಲೆ ಸಾಲಾಗಿ ಕೂತು ಕಾದರು. ಫ್ಲ್ಯಾಶಣ್ಣನಿಗೆ ಕೂರಲು ಆಗಲಿಲ್ಲ. ಕೆಳಗಿಳಿದು ಸ್ಟುಡಿಯೋದ ಬೋರ್ಡು ಒರೆಸಿದ, ಮೇಲೆ ಹತ್ತಿದ, ಮತ್ತೆ ಇಳಿದು ಅದೇ ಬೋರ್ಡು ಒರೆಸಿದ. ಡ್ಯೂಟಿ ಮುಗಿಸಿ ಬಂದ ಹೆಂಡತಿ ಬೋರ್ಡಿನ ಬಣ್ಣ ಹೋಗುತ್ತೆ, ಸಾಕು ಮಾಡಿ ಎಂದಳು.

ಅಷ್ಟರಲ್ಲಿ ಮೇಷ್ಟ್ರ ಫೋನು ಹೊಡೆದುಕೊಂಡಿತು. ಮಾತಾಡುತ್ತ ಮಾತಾಡುತ್ತ ಮೇಷ್ಟ್ರ ಮುಖ ಅರಳಿತು.

"ಮುಗೀತು ಕೆಲಸ" ಎಂದರು ಫೋನಿಟ್ಟು. "ಒಬ್ಬರು ಒಪ್ಪಿಬಿಟ್ರು. ನೋಡೋದೇ ಬೇಡವಂತೆ, ವಿಡಿಯೋ ಸಾಕಂತೆ. ಇದೇ ಊರಿಗೆ ವರ್ಗ ಆಗಿದೆಯಂತೆ, ಸಾಮಾನು ಲಾರಿಯಲ್ಲೇ ಇದೆಯಂತೆ. ಈಗಲೇ ಬರ್ತಿದ್ದಾರೆ."

ಫ್ಲ್ಯಾಶಣ್ಣ ಹೆಂಡತಿಯ ಕಡೆ ತಿರುಗಿ, ಹನ್ನೆರಡರ ಲೆನ್ಸನ್ನು ಪದಕದ ಹಾಗೆ ಎದೆಯ ಮೇಲೆ ಸರಿಮಾಡಿಕೊಂಡ. ಓನರಮ್ಮ ಮಾತ್ರ ಎದ್ದು ನಿಂತಿದ್ದರು.

"ವರ್ಗ ಆಗಿದೆ ಅಂದನಾ? ಇನ್ನೇನಂದ?"

"ವಿಳಾಸ ಹೇಳೋಕೆ ಹೋದೆ. ಬೇಡ, ಕಪಾಟಲ್ಲಿರೋರನ್ನ ನೋಡಿದ ತಕ್ಷಣ ಮನೆ ಯಾವುದು ಅಂತ ಗೊತ್ತಾಯ್ತು ಅಂದ್ರು. ಒಳ್ಳೇ ನಗುಮುಖದ ಮನುಷ್ಯ, ದನಿಯಲ್ಲೇ ಗೊತ್ತಾಗುತ್ತೆ."

ಓನರಮ್ಮ ಧೊಪ್ಪನೆ ಮೆಟ್ಟಿಲ ಮೇಲೆ ಕೂತರು. ಬೀದಿಯ ತಿರುವಿನಲ್ಲಿ ಲಾರಿ ಕಾಣಿಸಿತು. ಡ್ರೈವರಿನ ಪಕ್ಕದಲ್ಲಿ ಕೂತಿದ್ದವನು ಅವರ ಅಳಿಯ. ಹಿಂದೆ ಸೋಫಾದ ಮೇಲೆ ಮಗಳು, ಮೊಮ್ಮಕ್ಕಳು, ಅಳಿಯನ ಅಪ್ಪ, ಅಮ್ಮ.

"ಅತ್ತೆ, ಎಂಥಾ ಮಾತು ನಿಮ್ಮದು" ಎಂದು ಅಳಿಯ ಇಳಿಯುತ್ತಲೇ ಶುರು ಮಾಡಿದ. "ಮೇಲೆ ಬರೀ ಗೂಡಿದೆ, ಕಾಲು ಚಾಚೋಕೆ ಜಾಗ ಇಲ್ಲ, ಅದಕ್ಕೂ ಬಾಡಿಗೆಯವರು ಬಂದಾಯ್ತು ಅಂತ ನಿನ್ನೆ ಫೋನಲ್ಲಿ ಹೇಳಿದ್ರಲ್ಲ. ಇಷ್ಟು ದೊಡ್ಡ ಮನೆ ಇಟ್ಕೊಂಡು ಹೊರಗಿನವರನ್ನ ಹುಡುಕ್ತಿದ್ದೀರಿ. ಅಳಿಯನ ಹತ್ರ ಏನು ಸಂಕೋಚ?"

ಓನರಮ್ಮ ಬಾಯಿ ತೆರೆದರು. ಮಗಳು ಆಗಲೇ ಅವರ ಕೊರಳಿಗೆ ಬಿದ್ದಿದ್ದಳು.

ಅಳಿಯ ಮೇಲೆ ಹೋಗಿ ಬಂದ. ಬಂದಾಗ ಮುಖ ಸ್ವಲ್ಪ ಇಳಿದಿತ್ತು. "ವಿಡಿಯೋದಲ್ಲಿದ್ದ ಹಾಲು ಎಲ್ಲಿ ಹೋಯ್ತು ಅಂತ ತಿಳೀತಿಲ್ಲ. ಸೋಫಾ ಇಟ್ರೆ ಬಾಗಿಲು ತೆಗೆಯೋಕಾಗಲ್ಲ" ಎಂದ. ಆಮೇಲೆ ಅವನ ಕಣ್ಣು ಸ್ಟುಡಿಯೋದ ತೆರೆದ ಷಟರಿನ ಮೇಲೆ ಬಿತ್ತು. "ಪರವಾಗಿಲ್ಲ, ಸೋಫಾ ಇಲ್ಲಿ ಇಳಿಸ್ರಪ್ಪ. ಅಪ್ಪ ಅಮ್ಮ ಇಲ್ಲೇ ಮಲಗ್ತಾರೆ."

"ಸಾರ್, ಇದು ನನ್ನ ಸ್ಟುಡಿಯೋ" ಎಂದ ಫ್ಲ್ಯಾಶಣ್ಣ. "ಸಂಜೆಯೊಳಗೆ ಜನ ಬಂದ್ರೆ ರೂಮು ನನಗೇ ಅಂತ ಓನರಮ್ಮ ಮಾತು ಕೊಟ್ಟಿದ್ದಾರೆ."

ಎಲ್ಲರೂ ಓನರಮ್ಮನ ಕಡೆ ನೋಡಿದರು. ಓನರಮ್ಮ ಫ್ಲ್ಯಾಶಣ್ಣನನ್ನು ನೋಡಿದರು. "ಮಗಳ ಮದುವೆಯಾದಾಗಿನಿಂದ ಇವನನ್ನ ಹೇಗೋ ದೂರ ಇಟ್ಟಿದ್ದೆ" ಎಂದರು ಅವನೊಬ್ಬನಿಗೇ ಕೇಳುವಂತೆ. "ಒಂದೇ ದಿನದಲ್ಲಿ ಮನೆಯನ್ನ ಮೈದಾನ ಮಾಡಿ ತೋರಿಸಿದೆ. ನಿನಗೆ ರೂಮು ಬೇರೆ ಕೊಡ್ಲಾ?" ಆಮೇಲೆ ಗಟ್ಟಿಯಾಗಿ, "ಇಳಿಸ್ರಪ್ಪ ಸೋಫಾ" ಎಂದರು.

ಲೈಟು, ಪರದೆ, ಪಾಸ್‌ಪೋರ್ಟ್ ಫೋಟೋಕ್ಕೆ ಜನರನ್ನು ಕೂರಿಸುತ್ತಿದ್ದ ಸ್ಟೂಲು, ಒಂದೊಂದಾಗಿ ಬೀದಿಗೆ ಬಂದವು. ಹೆಂಡತಿ ಸ್ಟೂಲಿನ ಮೇಲೆ ಕೂತು, "ಟೋಕನ್ ಕೆಲಸಕ್ಕೆ ನಾಳೆ ಬೆಳಗ್ಗೆ ನಮ್ಮನೆಯವರು ಬರ್ತಾರೆ ಅಂತ ಹೇಳಿಬಿಡ್ಲಾ?" ಎಂದು ಕೇಳಿದಳು.

ಅವನು ಉತ್ತರ ಕೊಡುವ ಮೊದಲೇ ಅಳಿಯ ಬಂದು ಹೆಗಲ ಮೇಲೆ ಕೈ ಹಾಕಿದ. "ಬೇಜಾರು ಮಾಡ್ಕೋಬೇಡಿ. ನಿಮಗೊಂದು ಕೆಲಸ ಕೊಡ್ತೀನಿ. ಇದೇ ಲೆನ್ಸಲ್ಲಿ ಅತ್ತೆಯವರು ಇರೋ ಹಿಂದಿನ ಭಾಗದ್ದೂ ಒಂದು ವಿಡಿಯೋ ತೆಗೀರಿ. ನನ್ನ ಇಬ್ಬರು ತಮ್ಮಂದಿರೂ ಮನೆ ಹುಡುಕ್ತಿದ್ದಾರೆ."

ಅನ್ನ ಕೊಡುವ ಕೆಲಸ ಯಾವ ಕಡೆಯಿಂದ ಬಂದರೂ ಕೆಲಸವೇ. ಫ್ಲ್ಯಾಶಣ್ಣ ಕ್ಯಾಮೆರಾ ಎತ್ತಿ ಬಟನ್ ಒತ್ತಿದ. ಮನೆ, ಮೆಟ್ಟಿಲು, ಲಾರಿ, ಇಡೀ ಬೀದಿ ಪರದೆಯೊಳಗೆ ಬಂತು. ಅಷ್ಟರಲ್ಲಿ ಓನರಮ್ಮನ ಅಂಗೈ ಬಂದು ಲೆನ್ಸಿನ ಬಾಯಿ ಮುಚ್ಚಿತು. ಅಷ್ಟು ಅಗಲದ ಲೆನ್ಸಿಗೂ ಆಮೇಲೆ ಏನೂ ಕಾಣಿಸಲಿಲ್ಲ.