ಜರ್ಮನ್ ಬಲ್ಲ ಭಾವ

ಇಪ್ಪತ್ತೆರಡು ವರ್ಷದ ಹಿಂದೆ, ಮದುವೆಯ ಮಾತುಕತೆ ನಡೆದಾಗ, ಅಂಚೆ ಗುಮಾಸ್ತ ತನ್ನ ಭಾವೀ ಮಾವನೆದುರು "ನನಗೆ ಜರ್ಮನ್ ಬರುತ್ತೆ" ಎಂದುಬಿಟ್ಟಿದ್ದ. ಸಂಜೆ ತರಗತಿಗೆ ಹನ್ನೊಂದು ದಿನ ಹೋಗಿದ್ದು ನಿಜ. ಹನ್ನೆರಡನೆಯ ದಿನ ನೆಗಡಿಯಾಯಿತು. ನೆಗಡಿ ಹೋದ ಮೇಲೂ ಅವನು ಅತ್ತ ಸುಳಿಯಲಿಲ್ಲ. ಕಲಿತಿದ್ದ ಹತ್ತರವರೆಗಿನ ಎಣಿಕೆಯಲ್ಲಿ ಈಗ ಏಳರ ತನಕ ಉಳಿದಿತ್ತು.

ಆರು ದಿನ ಮೊಹರು ಒತ್ತಿ ಭುಜ ಸೋತು, ಭಾನುವಾರ ಮಧ್ಯಾಹ್ನ ಚಾಪೆಯ ಮೇಲೆ ಒರಗಿದ್ದನಷ್ಟೇ, ಬೀದಿಯಿಂದ ಕೂಗು ಬಂತು.

"ಭಾವ, ಬೇಗ ಬನ್ನಿ! ಮಳೆ ಬರೋ ಹಾಗಿದೆ!"

ಹೆಂಡತಿಯ ತಮ್ಮ. ಆ ವಾರವಷ್ಟೇ ಅವನು ಒಬ್ಬ ಅಜ್ಜಿಯಿಂದ ಅರವತ್ತು ವರ್ಷದ ಜರ್ಮನ್ ಕಾರೊಂದನ್ನು ಕೊಂಡಿದ್ದ. ಮಡಿಚಿಡುವ ಬಟ್ಟೆಯ ಟಾಪಿನ ಕಾರು. ಬೆಳಿಗ್ಗೆ ಗತ್ತಿನಿಂದ ಟಾಪು ಮಡಿಚಿ ಊರು ಸುತ್ತಿದವನಿಗೆ ಈಗ ಅದನ್ನು ಮುಚ್ಚಲು ಬರುತ್ತಿರಲಿಲ್ಲ. ಒಳಗೆ ಹೊಸ ಚರ್ಮದ ಸೀಟು, ಮೇಲೆ ಕಪ್ಪು ಮೋಡ. ಕಾರಿನ ಜೊತೆ ಬಂದ ಪುಸ್ತಕವನ್ನು ಅವನು ಭಾವನ ಕೈಗಿಟ್ಟ. ಅದಕ್ಕೆ ರಟ್ಟಿರಲಿಲ್ಲ. ಗೆದ್ದಲು ಚಿತ್ರಗಳನ್ನೆಲ್ಲ ತಿಂದು ಅಕ್ಷರಗಳನ್ನು ಬಿಟ್ಟಿತ್ತು. ಅದಕ್ಕೂ ಜರ್ಮನ್ ಬರುತ್ತಿರಲಿಲ್ಲವೇನೋ.

"ಹಿಡಿದು ಎಳೆದರೆ ಬರಲ್ವಾ?" ಎಂದ ಗುಮಾಸ್ತ, ಆಸೆಯಿಂದ.

"ಬಲ ಹಾಕಬೇಡಿ!" ಎದುರುಮನೆಯ ನಿವೃತ್ತ ಫೋರ್‌ಮನ್ ಆಗಲೇ ಬಂದು ನಿಂತಿದ್ದರು. "ಬಾಗಿಲ ಸಂದು ನೋಡ್ರೀ, ಕೂದಲೆಳೆ ತೂರಲ್ಲ. ಎಂಜಿನ್ ಹಿಂದೆ, ಡಿಕ್ಕಿ ಮುಂದೆ. ಎಂಜಿನ್ ತಣ್ಣಗಾಗೋಕೆ ನೀರೂ ಬೇಡ, ಗಾಳಿ ಸಾಕು. ಆ ಜನ ಒಂದು ಸ್ಕ್ರೂ ಬಿಗಿಯೋಕೂ ಮೂರು ಸಲ ಅಳೀತಾರೆ. ಇಂಥದ್ದನ್ನ ಪುಸ್ತಕ ನೋಡಿಯೇ ಮುಟ್ಟಬೇಕು."

"ಇವರು ಓದ್ತಾರೆ ಬಿಡಿ," ಎಂದಳು ಹೆಂಡತಿ ಬಾಗಿಲಲ್ಲಿ ನಿಂತು, ಇಡೀ ಬೀದಿಗೆ ಕೇಳುವಂತೆ.

ಗುಮಾಸ್ತ ಹೆಂಡತಿಯ ಮುಖ ನೋಡಿದ. ಇಪ್ಪತ್ತೆರಡು ವರ್ಷದ ಸುಳ್ಳನ್ನು ನಡುಬೀದಿಯಲ್ಲಿ ಒಪ್ಪಿಕೊಳ್ಳುವ ಶಕ್ತಿ ಅವನಲ್ಲಿರಲಿಲ್ಲ. ಕಣ್ಣಿಗೆ ಬಿದ್ದ ಪದವನ್ನು ಓದಿ ಭಾಮೈದನಿಗೆ ಹೇಳಿದ. "ಫಾಡೆನ್... ಅಂದ್ರೆ, ಆ ಎಡಗಡೆ ಹಿಡಿಕೆ. ಎಳಿ ಅದನ್ನ."

ಎಳೆದ. ಡಿಕ್ಕಿಯ ಮುಚ್ಚಳ ಧಡಕ್ಕನೆ ಎದ್ದು, ಮುಂದೆ ಬಾಗಿ ನೋಡುತ್ತಿದ್ದ ಫೋರ್‌ಮನ್ನರ ಗದ್ದಕ್ಕೆ ಬಡಿಯಿತು.

"ಎಂಥಾ ಸ್ಪ್ರಿಂಗು!" ಎಂದರು ಅವರು, ಗದ್ದ ಒತ್ತಿಕೊಂಡು.

"ನಾಡೆಲ್... ಆ ಗುಂಡಿ ಒತ್ತು."

ಒತ್ತಿದ. ಹಾರನ್ ಕರು ಕಳೆದುಕೊಂಡ ಎಮ್ಮೆಯಂತೆ ಅರಚತೊಡಗಿತು, ನಿಲ್ಲಲೇ ಇಲ್ಲ. ಮನೆಮನೆಯಿಂದ ಜನ ಹೊರಬಂದರು. ಒಬ್ಬೊಬ್ಬರದೂ ಒಂದೊಂದು ಸಲಹೆ. ಮುಖದ ಮೇಲೆ ಮೊದಲ ಹನಿ ಬಿದ್ದಾಗ ಗುಮಾಸ್ತ ಪುಸ್ತಕ ಮಡಿಚಿ ಕಾರು ಹತ್ತಿದ. ಹಿಂದಿನ ಸೀಟಿನಲ್ಲಿ ದೊಪ್ಪನೆ ಕುಳಿತು, ಮಡಿಚಿದ ಟಾಪಿನ ಮೇಲೆ ಮೊಣಕೈ ಊರಿ ಕಣ್ಣು ಮುಚ್ಚಿದ.

ಎಲ್ಲೋ 'ಕಟಕ್' ಎಂದಿತು. ಹಾರನ್ ನಿಂತಿತು. ಟಾಪು ಕೊಡೆಯಂತೆ ಮೆಲ್ಲಗೆ ಎದ್ದು ಅವನ ತಲೆಯ ಮೇಲೆ ಹಾದುಹೋಯಿತು. ಭಾಮೈದ ಓಡಿಬಂದು ಅದನ್ನು ಗಾಜಿನಂಚಿಗೆ ಸಿಕ್ಕಿಸಿದ. ಬೀದಿಯೆಲ್ಲ ಚಪ್ಪಾಳೆ. ಮರುಗಳಿಗೆಗೆ ಮಳೆ ಧೋ ಎಂದು ಸುರಿಯಿತು.

ಅಷ್ಟರಲ್ಲಿ ಕಾರು ಮಾರಿದ ಅಜ್ಜಿ ಕೊಡೆ ಹಿಡಿದು ಬಂದರು. ಕೈಯಲ್ಲಿ ಇನ್ನೊಂದು ಪುಸ್ತಕ.

"ತಪ್ಪಾಯ್ತಪ್ಪಾ. ಕಾರಿನ ಪುಸ್ತಕ ಇದು. ನಿನಗೆ ಕೊಟ್ಟಿದ್ದು ನನ್ನ ಹೊಲಿಗೆ ಮಷೀನಿಂದು. ಅದರಲ್ಲಿರೋದು ಬರೀ ಫಾಡೆನ್, ನಾಡೆಲ್, ಅಂದ್ರೆ ದಾರ, ಸೂಜಿ."

ಬೀದಿಯವರೆಲ್ಲ ಕಾರಿನತ್ತ ತಿರುಗಿದರು. ಗುಮಾಸ್ತನಿಗೆ ಭಯದ ಬದಲು ಎದೆ ಹಗುರವಾದಂತೆನಿಸಿತು. ಕಿಟಕಿಯ ಸಂದಿಗೆ ಬಾಯಿಟ್ಟು ಹೇಳಿಯೇಬಿಟ್ಟ: "ನಂಗೆ ಜರ್ಮನ್ ಬರಲ್ಲ. ಯಾವತ್ತೂ ಬರ್ತಿರಲಿಲ್ಲ. ಬಾಯಿಗೆ ಬಂದಿದ್ದು ಹೇಳಿದೆ."

"ಕೇಳಿದ್ರಾ?" ಹೆಂಡತಿಯ ಕಣ್ಣು ಒದ್ದೆಯಾಯಿತು. "ಮೊದಲಿಂದಲೂ ಹೀಗೇ. ತಮ್ಮ ದೊಡ್ಡಸ್ತಿಕೆ ಒಂದು ಮಾತೂ ಹೇಳಿಕೊಳ್ಳಲ್ಲ."

"ಹೊಲಿಗೆ ಮಷೀನಿನ ಪುಸ್ತಕ ಓದಿ ಕಾರು ರಿಪೇರಿ ಮಾಡೋದು ಹುಡುಗಾಟವಾ?" ಎಂದರು ಫೋರ್‌ಮನ್. "ಭಾಷೆ ಒಂದೇ ಅಲ್ಲ, ಇವರಿಗೆ ಆ ಜನರ ತಲೆಯೇ ಬಂದಿದೆ!"

ಗುಮಾಸ್ತ ಇಳಿಯಲೆಂದು ಬಾಗಿಲು ನೂಕಿದ. ಅದು ಅಲುಗಲಿಲ್ಲ. ಇನ್ನೊಂದು ಬಾಗಿಲೂ ಅಲುಗಲಿಲ್ಲ. ಹೊರಗಿನಿಂದ ಎಳೆದ ಭಾಮೈದನ ಕೈಗೆ ಹಿಡಿಕೆಯೇ ಕಿತ್ತುಬಂತು.

"ಟಾಪು ತೆಗೀರೋ!" ಎಂದು ಗುಮಾಸ್ತ ಗೋಗರೆದ.

"ಈ ಮಳೇಲಾ? ಸೀಟು ಹಾಳಾಗುತ್ತೆ ಭಾವ," ಎನ್ನುತ್ತ ಭಾಮೈದ ಅಜ್ಜಿಯ ಕೈಯಿಂದ ಪುಸ್ತಕ ತೆಗೆದುಕೊಂಡು, ಭಕ್ತಿಯಿಂದ ಕಿಟಕಿಯ ಸಂದಿನಲ್ಲಿ ತೂರಿಸಿದ. "ಇದು ಕಾರಿಂದೇ. ಬಾಗಿಲು ತೆಗೆಯೋದು ಎಲ್ಲಿದೆ ಅಂತ ಓದಿ ಹೇಳಿ. ನಿಧಾನಕ್ಕೆ ಓದಿ ಭಾವ, ನಮಗೇನೂ ಅವಸರವಿಲ್ಲ."